ಕ್ಲ್ಯಾಂಪ್ ಮೀಟರ್ ಕಡಿಮೆ ತೋರಿಸುತ್ತಿದೆ: ಯಾವ ಪ್ರೀಸೆಟ್ ತಿರುಗಿಸಬೇಕು?

ಪಾಳಿ ಎಲೆಕ್ಟ್ರಿಷಿಯನ್

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ನನ್ನ ಕೈಯಲ್ಲಿರುವ ಕ್ಲ್ಯಾಂಪ್ ಮೀಟರ್ (ತಂತಿಯನ್ನು ಕತ್ತರಿಸದೆ, ದವಡೆಗಳ ನಡುವೆ ಹಿಡಿದು ಕರೆಂಟ್ ಅಳೆಯುವ ಮೀಟರ್) ಈಚೆಗೆ ಕರೆಂಟನ್ನು ಕಡಿಮೆ ತೋರಿಸುತ್ತಿದೆ. ಎಸಿ ಕರೆಂಟ್ ಮಾತ್ರ ಅಳೆಯುವ ಮಾದರಿ ಇದು, 600 ಆಂಪಿಯರ್‌ವರೆಗೆ. ಒಂದೇ ಫೀಡರ್‌ನಲ್ಲಿ (ಪ್ಯಾನಲ್‌ನಿಂದ ಲೋಡ್‌ಗಳಿಗೆ ಹೋಗುವ ಲೈನ್) ಪ್ಯಾನಲ್ ಮೀಟರ್ 84 ತೋರಿಸುವಾಗ ಇದು 76 ತೋರಿಸುತ್ತದೆ. ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದೆ. ಬೋರ್ಡಿನ ಮೇಲೆ ಮೂರು ಪ್ರೀಸೆಟ್‌ಗಳಿವೆ (ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್‌ಗಳು). ಯಾವುದರ ಪಕ್ಕದಲ್ಲಿಯೂ ಅರ್ಥವಾಗುವ ಹೆಸರಿಲ್ಲ. ಆಂಪಿಯರ್ ಸರಿಪಡಿಸುವ ಪ್ರೀಸೆಟ್ ಯಾವುದು ಎಂದು ಗುರುತಿಸುವುದು ಹೇಗೆ? ಇದೇ ಮೀಟರ್ ನಂಬಿಕೊಂಡು ಮೋಟಾರ್‌ಗಳ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದಾಗ ಮೋಟಾರ್ ನಿಲ್ಲಿಸುವ ಸಾಧನ) ಹೊಂದಿಸುವವನು ನಾನು. ಹೀಗೇ ಬಿಡಲು ಮನಸ್ಸು ಒಪ್ಪುತ್ತಿಲ್ಲ.

ಬೆಸುಗೆ ಮೇಜು

ದಯವಿಟ್ಟು ಸ್ಕ್ರೂಡ್ರೈವರ್ ಕೆಳಗಿಡಿ. ರಿಪೇರಿಗೆ ಬರುವ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಪ್ರೀಸೆಟ್ ತಾನಾಗಿ ಜರುಗಿ ತಪ್ಪು ತೋರಿಸಿದ್ದನ್ನು ನಾನು ನೋಡಿದ್ದು ಬಹಳ ಅಪರೂಪ. ದವಡೆ ಕೂಡದೆ ಹೋಗಿರುತ್ತದೆ, ಹಿಂಜಿನ (ದವಡೆಯ ಕೀಲಿನ) ಬಳಿ ತಂತಿ ತುಂಡಾಗಿರುತ್ತದೆ, ಸೆಲೆಕ್ಟರ್ ಸ್ವಿಚ್ಚಿನ ಪಟ್ಟಿಗಳ ಮೇಲೆ ಕೊಳೆ ಕೂತಿರುತ್ತದೆ ಅಥವಾ ಬ್ಯಾಟರಿ ಕುಸಿದಿರುತ್ತದೆ. ಇವುಗಳಲ್ಲಿ ಯಾವುದಿದ್ದರೂ ಪ್ರೀಸೆಟ್ ತಿರುಗಿಸಿದರೆ ಅಂಕಿ ಸರಿಯಾದಂತೆ ಕಾಣುತ್ತದೆ, ದೋಷ ಒಳಗೇ ಉಳಿಯುತ್ತದೆ. ನಾಳೆ ದವಡೆ ಸರಿಯಾಗಿ ಕೂತಾಗ ಅದೇ ಮೀಟರ್ ಹೆಚ್ಚು ತೋರಿಸುತ್ತದೆ.

ಮೊದಲು ಮೂರು ವಿಷಯ ತಿಳಿಸಿ. ಹೊಸ ಬ್ಯಾಟರಿ ಹಾಕಿ ನೋಡಿದಿರಾ? ತಂತಿಯನ್ನು ಬಾಯಿಯ ನಡುವೆ ಹಿಡಿದಾಗಲೂ ಹಿಂಜಿನ ಮೂಲೆಗೆ ಒತ್ತಿದಾಗಲೂ ಒಂದೇ ರೀಡಿಂಗ್ ಬರುತ್ತದೆಯೇ? ದವಡೆಗಳ ತುದಿ ಕೂಡುವ ಜಾಗವನ್ನು ಬೆಳಕಿಗೆ ಹಿಡಿದರೆ ಸಂದಿ ಕಾಣುತ್ತದೆಯೇ?

ಮೋಟಾರ್ ವೈಂಡರ್

ಒಳ್ಳೆಯ ಮೀಟರ್ ಪಕ್ಕದಲ್ಲಿಟ್ಟುಕೊಂಡು, ಒಂದೇ ತಂತಿಗೆ ಎರಡನ್ನೂ ಹಾಕಿ, ಅಂಕಿ ಕೂಡುವವರೆಗೆ ಪ್ರೀಸೆಟ್ ತಿರುಗಿಸುತ್ತ ಬಂದವನು ನಾನು. ಇಷ್ಟು ವರ್ಷಗಳಲ್ಲಿ ಯಾವ ಮೋಟಾರೂ ಸುಟ್ಟಿಲ್ಲ. ಕೆಲಸ ನಿಲ್ಲಿಸಿ ಕೂರುವುದಕ್ಕಿಂತ ಇದು ಮೇಲು ಎಂಬುದು ನನ್ನ ಅನುಭವ.

ಪ್ರಯೋಗಾಲಯದವನು

ವೈಂಡರ್ ಅವರೇ, ನಿಮ್ಮ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಕೂಡಿಸಿದಾಗ ಎರಡೂ ಮೀಟರ್ ಒಂದೇ ಬಿಂದುವಿನಲ್ಲಿ ಕೂಡುತ್ತವೆ. 10 ಆಂಪಿಯರ್‌ನಲ್ಲಿ ಕೂಡಿದ್ದು 100ರಲ್ಲಿ ಕೂಡಬೇಕೆಂದಿಲ್ಲ. ಜೊತೆಗೆ, ಪಕ್ಕದಲ್ಲಿಟ್ಟ ಆ ಒಳ್ಳೆಯ ಮೀಟರ್ ಎಷ್ಟು ಒಳ್ಳೆಯದು ಎಂದು ಯಾರು ಹೇಳಿದರು? ಪರೀಕ್ಷೆಗೆ ಒಳಗಾಗುವ ಮೀಟರ್‌ಗಿಂತ ಹೋಲಿಕೆಯ ಉಪಕರಣ ಕನಿಷ್ಠ 4 ಪಟ್ಟು ನಿಖರವಾಗಿರಬೇಕು ಎಂಬುದು ಕ್ಯಾಲಿಬ್ರೇಷನ್ನಿನಲ್ಲಿ (ಮೀಟರ್ ಸರಿಯಾಗಿ ಅಳೆಯುತ್ತದೆಯೇ ಎಂಬ ಪರೀಕ್ಷೆಯಲ್ಲಿ) ರೂಢಿಯಾಗಿರುವ ಅಳತೆ. ಶೇ 2ರ ಎರಡು ಕ್ಲ್ಯಾಂಪ್‌ಗಳು ಜಗಳವಾಡಿದರೆ ನ್ಯಾಯ ಹೇಳಲು ಮೂರನೆಯವರು ಬೇಕೇ ಬೇಕು.

ಪ್ಯಾನಲ್ ಮೀಟರ್ ವಿಚಾರಕ್ಕೆ ಬರೋಣ. ಅದರ ಹಿಂದೆ ದೊಡ್ಡ ಕರೆಂಟನ್ನು ಅಳೆಯಲು ಚಿಕ್ಕದು ಮಾಡುವ ಒಂದು ಕರೆಂಟ್ ಟ್ರಾನ್ಸ್‌ಫಾರ್ಮರ್ (ಸಿಟಿ) ಇರುತ್ತದೆ. 1 ದರ್ಜೆಯ ಸಿಟಿಗೆ ಪೂರ್ಣ ಕರೆಂಟಿನಲ್ಲಿ ಶೇ 1ರಷ್ಟು ತಪ್ಪುವ ಅವಕಾಶವಿದೆ. ಕರೆಂಟ್ ಅದರ ಶೇ 20ಕ್ಕೆ ಇಳಿದಾಗ ಆ ಅವಕಾಶ ಶೇ 1.5, ಶೇ 5ಕ್ಕೆ ಇಳಿದಾಗ ಶೇ 3. ಆದ್ದರಿಂದ 84 ಎಂಬುದನ್ನೂ ಕಣ್ಣುಮುಚ್ಚಿ ನಂಬಬೇಡಿ. ಆದರೂ 84ಕ್ಕೂ 76ಕ್ಕೂ ಶೇ 9ಕ್ಕಿಂತ ಹೆಚ್ಚು ಅಂತರವಿದೆ. ಅಷ್ಟನ್ನು ಸಿಟಿಯ ತಲೆಗೆ ಕಟ್ಟಲಾಗದು.

ನಿಮ್ಮ ಮೀಟರ್‌ನ ಕೈಪಿಡಿಯಲ್ಲಿ ನಿಖರತೆ ಎಷ್ಟೆಂದಿದೆ?

ಪಾಳಿ ಎಲೆಕ್ಟ್ರಿಷಿಯನ್

ಕೈಪಿಡಿಯಲ್ಲಿ ಎಸಿ ಕರೆಂಟಿಗೆ ರೀಡಿಂಗ್‌ನ ಶೇ 2, ಅದರ ಮೇಲೆ 5 ಅಂಕ ಎಂದಿದೆ. ಬ್ಯಾಟರಿ ಹೊಸದನ್ನೇ ಹಾಕಿದೆ, ವ್ಯತ್ಯಾಸವಿಲ್ಲ. ತಂತಿಯನ್ನು ಬಾಯಿಯೊಳಗೆ ಅತ್ತಿತ್ತ ಸರಿಸಿದರೆ ರೀಡಿಂಗ್ ಎರಡು ಮೂರು ಆಂಪಿಯರ್ ಬದಲಾಗುತ್ತದೆ. ಇದು ಸಹಜವೆಂದು ತಿಳಿದಿದ್ದೆ.

ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಪ್ಯಾನಲ್‌ನೊಡನೆ ಹೋಲಿಸಿದ ಮೇಲೆ, ಇಲ್ಲಿ ಕೇಳುವ ಮೊದಲು, ಒಂದು ಪ್ರೀಸೆಟ್ಟನ್ನು ಸ್ವಲ್ಪ ತಿರುಗಿಸಿದ್ದೆ. ಭಯವಾಗಿ ಅಂದಾಜಿನಲ್ಲಿ ಹಿಂದಕ್ಕೆ ತಂದಿಟ್ಟೆ. ಮೊದಲು ಎಲ್ಲಿತ್ತೆಂದು ಗುರುತು ಹಾಕಿರಲಿಲ್ಲ.

ಪ್ರಯೋಗಾಲಯದವನು

ಹೇಳಿದ್ದು ಒಳ್ಳೆಯದಾಯಿತು, ಅದನ್ನೂ ಸರಿಪಡಿಸೋಣ.

ಶೇ 2 ಮತ್ತು 5 ಅಂಕ ಎಂದರೆ ಹೀಗೆ ಲೆಕ್ಕ ಹಾಕಿ. 200 ಆಂಪಿಯರ್ ಶ್ರೇಣಿಯಲ್ಲಿ ಕೊನೆಯ ಅಂಕ 0.1 ಆಂಪಿಯರ್. 100 ಆಂಪಿಯರ್ ಅಳೆಯುವಾಗ ಶೇ 2 ಎಂದರೆ 2.0, ಐದು ಅಂಕ ಎಂದರೆ 0.5. ಒಟ್ಟು 2.5 ಆಂಪಿಯರ್ ಅತ್ತಿತ್ತ ಆದರೂ ಮೀಟರ್ ತನ್ನ ಮಾತು ಉಳಿಸಿಕೊಂಡಂತೆ. ಅದೇ ಶ್ರೇಣಿಯಲ್ಲಿ 10 ಆಂಪಿಯರ್ ಅಳೆದರೆ 0.2 ಮತ್ತು 0.5, ಒಟ್ಟು 0.7. ಅದು ಅಳತೆಯ ಶೇ 7. ಸಣ್ಣ ಕರೆಂಟನ್ನು ದೊಡ್ಡ ಶ್ರೇಣಿಯಲ್ಲಿ ಅಳೆದು ಮೀಟರ್ ಕೆಟ್ಟಿದೆ ಎನ್ನುವವರು ಬಹಳ. ನಿಮ್ಮದು ಆ ತರಹದ ತಪ್ಪಲ್ಲ.

ತಂತಿ ಸರಿಸಿದರೆ ಎರಡು ಮೂರು ಆಂಪಿಯರ್ ಓಡಾಡುವುದು ಒಂದು ಸುಳಿವು. ದವಡೆ ಸರಿಯಾಗಿ ಕೂಡಿದ್ದರೆ ಅಷ್ಟು ಓಡಾಡಬಾರದು.

ಬೆಸುಗೆ ಮೇಜು

ನನಗೂ ಹಾಗೆಯೇ ಅನ್ನಿಸಿತು. ಎಸಿ ಕ್ಲ್ಯಾಂಪ್ ಎಂದರೆ ಬಾಯಿ ತೆರೆಯುವ ಟ್ರಾನ್ಸ್‌ಫಾರ್ಮರ್. ನೀವು ಹಿಡಿದ ತಂತಿ ಒಂದು ಸುತ್ತಿನ ಪ್ರೈಮರಿ, ದವಡೆಯೊಳಗೆ ಸುತ್ತಿರುವುದು ಸೆಕೆಂಡರಿ. ಸಾವಿರ ಸುತ್ತಿದ್ದರೆ 100 ಆಂಪಿಯರ್‌ಗೆ 100 ಮಿಲಿಆಂಪಿಯರ್ ಹರಿಯುತ್ತದೆ. ಅದನ್ನು 1 ಓಮ್ ಮೂಲಕ ಹಾಯಿಸಿದರೆ 100 ಮಿಲಿವೋಲ್ಟ್. ಮೀಟರ್ ಓದುವುದು ಆ ವೋಲ್ಟೇಜನ್ನು.

ಈಗ ಸಂದಿಯ ಲೆಕ್ಕ ನೋಡಿ. ದವಡೆಯ ಕಬ್ಬಿಣದ ಹಾದಿ 150 ಮಿಲಿಮೀಟರ್ ಉದ್ದವಿದೆ, ಗಾಳಿಗಿಂತ 5000 ಪಟ್ಟು ಸುಲಭವಾಗಿ ಕಾಂತಪ್ರವಾಹವನ್ನು ಬಿಡುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಆ ಇಡೀ ಕಬ್ಬಿಣ ಒಡ್ಡುವ ತಡೆ 0.03 ಮಿಲಿಮೀಟರ್ ಗಾಳಿಗೆ ಸಮ. ತಲೆಗೂದಲಿಗಿಂತಲೂ ತೆಳುವಾದ ಸಂದಿ ಇಡೀ ಕಬ್ಬಿಣದಷ್ಟು ತಡೆ ಒಡ್ಡುತ್ತದೆ! ದವಡೆಯ ತುದಿಯಲ್ಲಿ ಒಂದು ಲೋಹದ ಹುಡಿ ಸಿಕ್ಕಿಕೊಂಡರೆ ಏನಾಗಬಹುದೆಂದು ಯೋಚಿಸಿ.

ಹೊಸ ಕಲಿಕೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪ್ರಯೋಗಾಲಯದ ದುಬಾರಿ ಕ್ಯಾಲಿಬ್ರೇಟರ್ ಇಲ್ಲದವರು 50, 100 ಆಂಪಿಯರ್‌ನಷ್ಟು ಗೊತ್ತಿರುವ ಕರೆಂಟನ್ನು ಎಲ್ಲಿಂದ ತರಬೇಕು?

ಪ್ರಯೋಗಾಲಯದವನು

ಒಳ್ಳೆಯ ಪ್ರಶ್ನೆ. ದೊಡ್ಡ ಕರೆಂಟ್ ತರಬೇಕಿಲ್ಲ, ಸಣ್ಣ ಕರೆಂಟನ್ನೇ ಬಾಯಿಯ ಮೂಲಕ ಹಲವು ಸಲ ಹಾಯಿಸಿದರೆ ಸಾಕು. ಪ್ರಯೋಗಾಲಯದಲ್ಲಿಯೂ ನಾವು ಮಾಡುವುದು ಅದನ್ನೇ. 50 ಸುತ್ತಿನ ಕಾಯಿಲ್‌ನಲ್ಲಿ 20 ಆಂಪಿಯರ್ ಬಿಟ್ಟರೆ ಕ್ಲ್ಯಾಂಪ್‌ಗೆ ಅದು 1000 ಆಂಪಿಯರ್. ನಿಮಗೆ 10 ಸುತ್ತು ಸಾಕು.

2.5 ಚದರ ಮಿಲಿಮೀಟರ್‌ನ ಬಹುಎಳೆ ತಂತಿಯನ್ನು ಅರ್ಧ ಮೀಟರ್ ವ್ಯಾಸದ ಚಕ್ರದಂತೆ 10 ಸುತ್ತು ಸುತ್ತಿ, ಒಂದು ಕಡೆ ಟೇಪ್ ಹಾಕಿ ಬಿಗಿಯಾದ ಕಟ್ಟು ಮಾಡಿ. ಕ್ಲ್ಯಾಂಪ್ ಹಿಡಿಯಬೇಕಾದದ್ದು ಆ ಕಟ್ಟನ್ನು. ಚಕ್ರ ಇಷ್ಟು ದೊಡ್ಡದಿರಲು ಕಾರಣವಿದೆ: ಹಿಂದಿರುಗುವ ತಂತಿಗಳು ದವಡೆಯ ಹತ್ತಿರ ಹಾದರೆ ಅವುಗಳ ಕಾಂತಕ್ಷೇತ್ರವೂ ಅಳತೆಗೆ ಸೇರುತ್ತದೆ.

ಕರೆಂಟಿಗೆ ಮೇನ್ಸ್ ನೇರವಾಗಿ ಬೇಡ. 12 ವೋಲ್ಟ್ ಸೆಕೆಂಡರಿಯ, 8 ಆಂಪಿಯರ್ ತಾಳುವ ಟ್ರಾನ್ಸ್‌ಫಾರ್ಮರ್, ಸರಣಿಯಲ್ಲಿ 2 ಓಮ್‌ನ 100 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್, ಅದರ ಜೊತೆ ಒಂದು ನಂಬಿಕೆಯ ಟ್ರೂ ಆರ್‌ಎಂಎಸ್ (ತರಂಗದ ಆಕಾರ ಹೇಗಿದ್ದರೂ ಸರಿಯಾದ ಬೆಲೆ ತೋರಿಸುವ) ಮಲ್ಟಿಮೀಟರ್ 10 ಆಂಪಿಯರ್ ಶ್ರೇಣಿಯಲ್ಲಿ. ಸುಮಾರು ಐದೂವರೆ ಆಂಪಿಯರ್ ಹರಿಯುತ್ತದೆ. ರೆಸಿಸ್ಟರ್‌ನಲ್ಲಿ 60 ವ್ಯಾಟ್‌ನಷ್ಟು ಶಾಖ ಹುಟ್ಟುತ್ತದೆ, ಮುಟ್ಟಬೇಡಿ, ಮರದ ಮೇಜಿನ ಮೇಲೆ ಇಡಬೇಡಿ. ಮಲ್ಟಿಮೀಟರ್‌ನ ಶಂಟ್ (ಕರೆಂಟ್ ಅಳೆಯಲು ಒಳಗಿರುವ ರೆಸಿಸ್ಟರ್) ಕೂಡ ಬಿಸಿಯಾಗುತ್ತದೆ, ಆದ್ದರಿಂದ ಅರ್ಧ ನಿಮಿಷದೊಳಗೆ ಎರಡೂ ರೀಡಿಂಗ್ ಬರೆದುಕೊಂಡು ಬಂದ್ ಮಾಡಿ. ಕೋಣೆಯ ಉಷ್ಣತೆ 18ರಿಂದ 28 ಡಿಗ್ರಿಯೊಳಗಿರಲಿ. ಹೆಚ್ಚಿನ ಕೈಪಿಡಿಗಳ ನಿಖರತೆ ಆ ಮಿತಿಗೆ ಬರೆದದ್ದು.

ಮೋಟಾರ್ ವೈಂಡರ್

ಸುತ್ತು ಎಣಿಸುವಾಗ ಎಚ್ಚರ. ಇದರಲ್ಲಿ ಮೋಸಹೋದವರನ್ನು ನೋಡಿದ್ದೇನೆ. ಹೊರಗಿನ ಚಕ್ರವನ್ನು ಎಣಿಸಬೇಡಿ. ಬಾಯಿಯೊಳಗೆ ಎಷ್ಟು ತಂತಿ ಹಾದಿವೆಯೋ ಅಷ್ಟೇ ಸುತ್ತು. 10ರ ಬದಲು 11 ಹಾದರೆ ಶೇ 10 ತಪ್ಪು ಅಲ್ಲಿಯೇ ಬಂತು. ಕಟ್ಟಿನ ಟೇಪ್ ಹಾಕುವ ಮೊದಲೇ ಒಂದೊಂದಾಗಿ ಬೆರಳಿಟ್ಟು ಎಣಿಸಿ.

ಪಾಳಿ ಎಲೆಕ್ಟ್ರಿಷಿಯನ್

ನಿನ್ನೆ ಪಾಳಿ ಮುಗಿದ ಮೇಲೆ ಕಾಯಿಲ್ ಕಟ್ಟಿದೆ. ಎರಡು ಸಲ ಎಣಿಸಿದೆ, 10 ಸುತ್ತು. ಮಲ್ಟಿಮೀಟರ್ 5.62 ಆಂಪಿಯರ್ ತೋರಿಸಿತು. ಅಂದರೆ ಕ್ಲ್ಯಾಂಪ್ 56.2 ತೋರಿಸಬೇಕು. ತೋರಿಸಿದ್ದು 51.9.

ಆಮೇಲೆ ಒಂದು ವಿಚಿತ್ರ ನಡೆಯಿತು. ದವಡೆಗಳ ತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒತ್ತಿ ಹಿಡಿದೆ. ಅಂಕಿ ನಿಧಾನವಾಗಿ ಏರಿ 55.3ಕ್ಕೆ ನಿಂತಿತು. ಬೆರಳು ಬಿಟ್ಟೆ, ಮತ್ತೆ 51.9. ಹೀಗೆ ಹತ್ತು ಸಲ ಮಾಡಿದೆ, ಹತ್ತು ಸಲವೂ ಹಾಗೆಯೇ ಆಯಿತು. ಪ್ರೀಸೆಟ್ ಎಂದುಕೊಂಡಿದ್ದ ದೋಷ ನನ್ನ ಎರಡು ಬೆರಳುಗಳ ನಡುವೆ ಇತ್ತು.

ಬೆಸುಗೆ ಮೇಜು

ಇಷ್ಟು ಸ್ಪಷ್ಟವಾದ ಪರೀಕ್ಷೆ ಇನ್ನೊಂದಿಲ್ಲ. ಈಗ ತಂತಿಯಿಂದ ಕ್ಲ್ಯಾಂಪ್ ತೆಗೆದು, ಪ್ರೋಬ್‌ಗಳನ್ನು ಕಿತ್ತು, ಬಾಯಿ ಅಗಲವಾಗಿ ತೆರೆದು, ಕಬ್ಬಿಣ ಕಾಣುವ ಎರಡೂ ಮುಖಗಳನ್ನು ಭೂತಗನ್ನಡಿಯಲ್ಲಿ ನೋಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಎಳೆ ಬಿಡದ ಬಟ್ಟೆಯಿಂದ ಒರೆಸಿ. ಅರ ಹಾಕಬೇಡಿ, ಮರಳು ಕಾಗದ ಉಜ್ಜಬೇಡಿ. ಆ ಮುಖಗಳನ್ನು ಕಾರ್ಖಾನೆಯಲ್ಲಿ ಸಮತಟ್ಟಾಗಿ ನಯಗೊಳಿಸಿರುತ್ತಾರೆ. ಅರ ಹಾಕಿದರೆ ಮುಖ ಓರೆಯಾಗುತ್ತದೆ, ದವಡೆಯ ಕಬ್ಬಿಣವಾಗಿ ಜೋಡಿಸಿರುವ ತೆಳು ತಗಡುಗಳ ಅಂಚು ಒಂದಕ್ಕೊಂದು ತಾಗಿಕೊಳ್ಳುತ್ತದೆ. ಕೊನೆಗೆ ಹಗುರ ಯಂತ್ರದೆಣ್ಣೆ ಸೋಕಿಸಿದ ಬಟ್ಟೆಯಿಂದ ಒಂದು ಸಲ ಸವರಿ, ಎಣ್ಣೆ ಕಾಣದಂತೆ ಒರೆಸಿ. ತುಕ್ಕು ಹಿಡಿಯುವುದಿಲ್ಲ.

ಹಿಂಜಿನ ಪಿನ್ ಸಡಿಲವಾಗಿದೆಯೇ, ಸ್ಪ್ರಿಂಗ್ ತನ್ನ ಜಾಗದಲ್ಲಿ ಕೂತಿದೆಯೇ ಎಂಬುದನ್ನೂ ನೋಡಿ. ದವಡೆಯ ಪ್ಲಾಸ್ಟಿಕ್‌ನಲ್ಲಿ ಬಿರುಕಿದ್ದರೆ ಅಂಟು ಹಾಕಿ ಮುಂದುವರಿಸಬೇಡಿ. ವಿದ್ಯುತ್ ಇರುವ ಬಸ್‌ಬಾರಿಗೂ (ಪ್ಯಾನಲ್‌ನ ದಪ್ಪ ಲೋಹದ ಪಟ್ಟಿಗೂ) ನಿಮ್ಮ ಕೈಗೂ ನಡುವೆ ಇರುವುದು ಆ ಪ್ಲಾಸ್ಟಿಕ್ ಮಾತ್ರ. ಮೀಟರ್ ಮೇಲೆ ಬರೆದ ಕ್ಯಾಟ್ 3, 600 ವೋಲ್ಟ್ ಎಂಬ ಸುರಕ್ಷತಾ ದರ್ಜೆಯ ಭರವಸೆ ಬಿರುಕು ಬಿಟ್ಟ ದಿನವೇ ಮುಗಿಯಿತು. ಈ ಒಂದು ಮಾತಿನಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ.

ಸೌರ ಫಲಕದ ಕೆಲಸ

ಈ ಚರ್ಚೆಯಲ್ಲಿ ನನ್ನದೂ ಒಂದು ಕಷ್ಟ ಸೇರಿಸುತ್ತೇನೆ. ನನ್ನದು ಡಿಸಿ ಅಳೆಯುವ ಕ್ಲ್ಯಾಂಪ್. ಸೊನ್ನೆ ಮಾಡಿದ ಮೇಲೆ ಮೀಟರನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ 0.3 ಆಂಪಿಯರ್ ಕಾಣಿಸುತ್ತದೆ. ಹೋದ ವಾರ ಒಂದು ಬ್ಯಾಟರಿ ಬ್ಯಾಂಕಿನಲ್ಲಿ ದೊಡ್ಡ ಕರೆಂಟ್ ಹಾದ ಮೇಲೆ ಸೊನ್ನೆಯೇ 1.5ಕ್ಕೆ ಹೋಗಿ ಕೂತಿದೆ. ಇದಕ್ಕೂ ದವಡೆಯೇ ಕಾರಣವೇ?

ಪ್ರಯೋಗಾಲಯದವನು

ನಿಮ್ಮದು ಬೇರೆ ಜಾತಿ. ಡಿಸಿಗೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದಿಲ್ಲ. ಅಲ್ಲಿ ದವಡೆಯ ಸಂದಿಯಲ್ಲಿ ಹಾಲ್ ಸೆನ್ಸರ್ ಕೂತಿರುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಪರಿಣಾಮವೇ ಅದು: ಕರೆಂಟ್ ಹರಿಯುವ ತೆಳು ಪಟ್ಟಿಯನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅಡ್ಡಲಾಗಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸೆನ್ಸರ್‌ಗೆ ಅದು ಯಾರ ಕಾಂತಕ್ಷೇತ್ರ ಎಂಬುದು ತಿಳಿಯುವುದಿಲ್ಲ. ಭೂಮಿಯ 25ರಿಂದ 65 ಮೈಕ್ರೊಟೆಸ್ಲಾ ಕೂಡ ಅದಕ್ಕೆ ಕ್ಷೇತ್ರವೇ. ದಿಕ್ಕು ಬದಲಿಸಿದಾಗ ಕಾಣುವ 0.3 ಅಲ್ಲಿಂದ ಬಂದದ್ದಿರಬೇಕು. ಅಳೆಯುವ ದಿಕ್ಕಿನಲ್ಲಿಯೇ, ತಂತಿಯ ಪಕ್ಕದಲ್ಲಿಯೇ, ಖಾಲಿ ಬಾಯಿ ಮುಚ್ಚಿ ಸೊನ್ನೆ ಮಾಡಿ.

ಆ 1.5 ಮಾತ್ರ ಕಬ್ಬಿಣದಲ್ಲಿ ಉಳಿದ ಕಾಂತತೆ. ಬಾಯಿಯನ್ನು ಹಲವು ಸಲ ತೆರೆದು ಮುಚ್ಚಿದರೆ ಸ್ವಲ್ಪ ಇಳಿಯುತ್ತದೆ. ಪೂರ್ತಿ ಇಳಿಸಲು ಮೇಲೆ ಹೇಳಿದ ಕಾಯಿಲ್‌ನಲ್ಲಿ ಎಸಿ ಕರೆಂಟ್ ಬಿಟ್ಟು, ವೇರಿಯಾಕ್‌ನಿಂದ (ವೋಲ್ಟೇಜ್ ಏರಿಳಿಸಬಲ್ಲ ಟ್ರಾನ್ಸ್‌ಫಾರ್ಮರ್) ನಿಧಾನವಾಗಿ ಸೊನ್ನೆಗೆ ತನ್ನಿ. ನಡುವೆ ಥಟ್ಟನೆ ಬಂದ್ ಮಾಡಿದರೆ ಮತ್ತೆ ಕಾಂತತೆ ಉಳಿದುಬಿಡುತ್ತದೆ.

ಅವಸರದ ಅಳತೆಗೆ ಒಂದು ಉಪಾಯವಿದೆ. ಒಂದು ಸಲ ನೇರವಾಗಿ, ಇನ್ನೊಂದು ಸಲ ಕ್ಲ್ಯಾಂಪ್ ಮಗುಚಿ ಅಳೆಯಿರಿ. 12.4 ಮತ್ತು ಮೈನಸ್ 11.6 ಬಂದರೆ ನಿಜವಾದ ಕರೆಂಟ್ 12.0, ಸೊನ್ನೆಯ ತಪ್ಪು 0.4. ಉಳಿದ ಕಾಂತತೆಯ ಪಾಲು ಇದರಲ್ಲಿ ಕಳೆದುಹೋಗುತ್ತದೆ. ಭೂಕಾಂತದ ಪಾಲು ಮಾತ್ರ ಕ್ಲ್ಯಾಂಪ್ ಹೇಗೆ ಮಗುಚಿದಿರಿ ಎಂಬುದರ ಮೇಲೆ ಉಳಿಯಲೂಬಹುದು.

ಹೊಸ ಕಲಿಕೆ

ನನ್ನ ಹಳೆಯ ಕ್ಲ್ಯಾಂಪ್ ಬಾಯಿ ತೆರೆದು ಮುಚ್ಚಿದಾಗೊಮ್ಮೆ ಸೊನ್ನೆ ತೋರಿಸುತ್ತದೆ, ಇನ್ನೊಮ್ಮೆ ಸರಿಯಾಗಿ ತೋರಿಸುತ್ತದೆ. ಅದೂ ಕೊಳೆಯೇ?

ಬೆಸುಗೆ ಮೇಜು

ಅದು ತಂತಿ. ಹಲವು ಮಾದರಿಗಳಲ್ಲಿ ಎರಡೂ ದವಡೆಗಳಲ್ಲಿ ತಂತಿಯ ಸುತ್ತಿಗಳಿದ್ದು ಸರಣಿಯಲ್ಲಿ ಸೇರಿರುತ್ತವೆ. ಚಲಿಸುವ ದವಡೆಯ ತಂತಿ ಪ್ರತಿ ಸಲವೂ ಹಿಂಜಿನ ಬಳಿ ಮಡಚಿ ಮಡಚಿ ಒಳಗೆ ತುಂಡಾಗುತ್ತದೆ, ಹೊರಗಿನ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ. ಸುತ್ತಿಯ ಎರಡು ತುದಿಗಳನ್ನು ಬೋರ್ಡಿನಿಂದ ಬಿಡಿಸಿ, ಓಮ್ ಶ್ರೇಣಿಯಲ್ಲಿಟ್ಟು, ಬಾಯಿಯನ್ನು ನಿಧಾನವಾಗಿ ತೆರೆಯಿರಿ. ಸ್ಥಿರವಾಗಿರಬೇಕಾದ ಓಮ್ ನಡುವೆ ಎಲ್ಲಿಯೋ ತೆರೆದುಕೊಂಡರೆ ಕಳ್ಳ ಸಿಕ್ಕ.

ಹೊಸ ತಂತಿ ಹಾಕುವಾಗ ಸಿಲಿಕೋನ್ ಹೊದಿಕೆಯ, ಬಹಳ ತೆಳು ಎಳೆಗಳ ಮೆತ್ತನೆಯ ತಂತಿಯನ್ನೇ ಹಾಕಿ. ಬೆಸುಗೆಯ ಕಾವು ಹೆಚ್ಚಾದರೆ ಸೀಸ ಎಳೆಗಳ ನಡುವೆ ಏರಿ ತಂತಿ ಕಡ್ಡಿಯಂತೆ ಗಟ್ಟಿಯಾಗುತ್ತದೆ. ಆ ಗಟ್ಟಿ ಭಾಗ ಮುಗಿಯುವ ಜಾಗದಲ್ಲಿಯೇ ಮುಂದಿನ ಸಲ ತುಂಡಾಗುವುದು. ಬೇಗ ಮುಟ್ಟಿಸಿ ಬೇಗ ತೆಗೆಯಿರಿ. ಬಾಯಿ ಪೂರ್ತಿ ತೆರೆದಾಗಲೂ ತಂತಿ ಬಿಗಿಯಾಗದಂತೆ ಸ್ವಲ್ಪ ಸಡಿಲ ಬಿಡಿ.

ಡಿಸ್‌ಪ್ಲೇಯಲ್ಲಿ ಅಂಕಿಯ ಗೆರೆಗಳು ಮಾಯವಾದರೆ ಡಿಸ್‌ಪ್ಲೇಯನ್ನು ಬೋರ್ಡಿಗೆ ಜೋಡಿಸುವ ರಬ್ಬರ್ ಪಟ್ಟಿಯನ್ನು ತೆಗೆದು ಅದನ್ನೂ ಬೋರ್ಡಿನ ಪಟ್ಟಿಗಳನ್ನೂ ಆಲ್ಕೋಹಾಲಿನಿಂದ ಒರೆಸಿ ಕೂರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪಾಳಿ ಎಲೆಕ್ಟ್ರಿಷಿಯನ್

ಒರೆಸಿದೆ. ಒಂದು ಮುಖದ ಮೂಲೆಯಲ್ಲಿ ಗ್ರೈಂಡಿಂಗ್‌ನ ಕಬ್ಬಿಣದ ಹುಡಿ ಎಣ್ಣೆ ಕೊಳೆಯೊಂದಿಗೆ ಸೇರಿ ಕಪ್ಪು ಪದರವಾಗಿ ಅಂಟಿತ್ತು. ಬಟ್ಟೆಗೆ ಬಂದದ್ದು ಸಾಸಿವೆಯ ಅರ್ಧದಷ್ಟೂ ಇಲ್ಲ. ಅದೇ ಕಾಯಿಲ್, ಅದೇ 5.62 ಆಂಪಿಯರ್. ಈಗ ಬೆರಳು ಒತ್ತದೆಯೇ 55.6 ಬಂತು. ತಂತಿಯನ್ನು ಬಾಯಿಯೊಳಗೆ ಸರಿಸಿದರೂ 0.3ಕ್ಕಿಂತ ಹೆಚ್ಚು ಓಡಾಡುತ್ತಿಲ್ಲ.

ಪ್ರಯೋಗಾಲಯದವನು

ಬಹಳ ಸಂತೋಷವಾಯಿತು. 56.2ಕ್ಕೆ ಅನುಮತಿಯ ಮಿತಿ 1.6 ಆಂಪಿಯರ್. ನಿಮ್ಮದು 0.6 ಮಾತ್ರ ಕಡಿಮೆ. ಮಿತಿಯೊಳಗಿದೆ, ಸಾಧಾರಣವಾಗಿ ಇಲ್ಲಿಗೇ ನಿಲ್ಲಿಸಿ ಎನ್ನುತ್ತಿದ್ದೆ. ಆದರೆ ನೀವು ಕೈಹಾಕಿದ ಆ ಪ್ರೀಸೆಟ್ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ಬೋರ್ಡಿನ ಐಸಿ (ಅಳತೆಯನ್ನು ಅಂಕಿಯಾಗಿಸುವ ಚಿಪ್) 7106 ಜಾತಿಯದಾಗಿದ್ದರೆ ಒಂದು ಪ್ರೀಸೆಟ್ ಅದರ ರೆಫರೆನ್ಸ್ ವೋಲ್ಟೇಜ್ (ಅಳತೆಯನ್ನು ಹೋಲಿಸುವ ಸ್ಥಿರ ವೋಲ್ಟೇಜ್) ಹೊಂದಿಸುತ್ತದೆ. 200 ಮಿಲಿವೋಲ್ಟ್ ಶ್ರೇಣಿಗೆ ಅದು 100.0 ಮಿಲಿವೋಲ್ಟ್ ಇರಬೇಕು. ಅದು ಜರುಗಿದರೆ ವೋಲ್ಟ್, ಆಂಪಿಯರ್ ಎಲ್ಲವೂ ಒಂದೇ ಪ್ರಮಾಣದಲ್ಲಿ ಜರುಗುತ್ತವೆ. ಒಂದು ಸಾದಾ 9 ವೋಲ್ಟ್ ಬ್ಯಾಟರಿಯನ್ನು ಎರಡೂ ಮೀಟರ್‌ಗಳಲ್ಲಿ ಡಿಸಿ ಅಳೆದು ಹೇಳಿ.

ಪಾಳಿ ಎಲೆಕ್ಟ್ರಿಷಿಯನ್

ಮಲ್ಟಿಮೀಟರ್ 9.21. ಕ್ಲ್ಯಾಂಪ್ 9.13. ಐಸಿ ನೀವು ಹೇಳಿದ್ದೇ.

ಪ್ರಯೋಗಾಲಯದವನು

ಶೇ 0.9 ಕಡಿಮೆ. ಕರೆಂಟಿನಲ್ಲಿ ಉಳಿದ ತಪ್ಪು ಶೇ 1ರ ಹತ್ತಿರ. ಎರಡೂ ಒಂದೇ ಕಡೆಯಿಂದ ಬಂದಿರಬೇಕು. ಈಗ ಮಾತ್ರ ಸ್ಕ್ರೂಡ್ರೈವರ್ ಹಿಡಿಯಿರಿ. ಪ್ರೀಸೆಟ್ ಈಗಿರುವ ಜಾಗಕ್ಕೆ ಶಾಯಿಯಿಂದ ಗುರುತು ಹಾಕಿ. ಬ್ಯಾಟರಿಯ ಹೊರತು ಇನ್ನೇನನ್ನೂ ಜೋಡಿಸಬೇಡಿ. ಮುಚ್ಚಳ ತೆರೆದಿರುವಾಗ ಮೇನ್ಸ್ ಹತ್ತಿರವೂ ಸುಳಿಯಬೇಡಿ. 9.21 ಬರುವವರೆಗೆ ಕೂದಲೆಳೆಯಷ್ಟು ತಿರುಗಿಸಿ. ಕ್ರಮ ಯಾವಾಗಲೂ ಇದೇ: ಮೊದಲು ಡಿಸಿ ರೆಫರೆನ್ಸ್, ಆಮೇಲೆ ಎಸಿ ವೋಲ್ಟ್, ಕೊನೆಗೆ ಕರೆಂಟ್. ಹೊಂದಿಸುವ ಮೊದಲಿನ ಅಂಕಿ, ಹೊಂದಿಸಿದ ಮೇಲಿನ ಅಂಕಿ, ಎರಡನ್ನೂ ದಿನಾಂಕದೊಂದಿಗೆ ಬರೆದಿಡಿ. ಐಎಸ್‌ಒ 17025 ಮಾನದಂಡ ಪಾಲಿಸುವ ಕ್ಯಾಲಿಬ್ರೇಷನ್ ಪ್ರಯೋಗಾಲಯಗಳೂ ಈ ಎರಡನ್ನೂ ದಾಖಲಿಸುತ್ತವೆ. ಮೊದಲಿನ ಅಂಕಿ ಇಲ್ಲದಿದ್ದರೆ, ಹಿಂದಿನ ತಿಂಗಳುಗಳಲ್ಲಿ ಈ ಮೀಟರ್‌ನಿಂದ ಮಾಡಿದ ಕೆಲಸವನ್ನು ಎಷ್ಟು ನಂಬಬಹುದು ಎಂಬುದಕ್ಕೆ ಉತ್ತರವೇ ಇರುವುದಿಲ್ಲ.

ಮೋಟಾರ್ ವೈಂಡರ್

ಬರೆದಿಡುವ ಮಾತು ನನಗೆ ನಾಟಿತು. ನನ್ನ ಮೂರು ಕ್ಲ್ಯಾಂಪ್‌ಗಳನ್ನು ಇವತ್ತು ಕಾಯಿಲ್‌ಗೆ ಹಾಕಿದೆ. ಎರಡು ಸರಿಯಿವೆ. ನಾನು ಪ್ರೀಸೆಟ್ ತಿರುಗಿಸಿದ್ದ ಮೂರನೆಯದು ದವಡೆ ಒರೆಸಿದ ಮೇಲೆ ಶೇ 5 ಹೆಚ್ಚು ತೋರಿಸುತ್ತಿದೆ.

ಪಾಳಿ ಎಲೆಕ್ಟ್ರಿಷಿಯನ್

ರೆಫರೆನ್ಸ್ ಸರಿಪಡಿಸಿದೆ. ಕಾಯಿಲ್‌ನಲ್ಲಿ 56.2ಕ್ಕೆ 56.1. ಕರೆಂಟಿನ ಪ್ರೀಸೆಟ್ ಮುಟ್ಟಲೇ ಇಲ್ಲ.

ಆದರೆ ಫೀಡರ್‌ಗೆ ಹಿಂದಿರುಗಿದಾಗ ಪ್ಯಾನಲ್ 84.2, ನನ್ನದು 81.3. ಇನ್ನೂ ಶೇ 3ಕ್ಕಿಂತ ಹೆಚ್ಚು ಕಡಿಮೆ. ಈಗ ಏನು ಉಳಿದಿದೆ?

ಪ್ರಯೋಗಾಲಯದವನು

ಆ ಫೀಡರ್‌ನ ಮೇಲೆ ಏನೇನು ಲೋಡ್ ಇದೆ? ನಿಮ್ಮ ಕ್ಲ್ಯಾಂಪ್ ಟ್ರೂ ಆರ್‌ಎಂಎಸ್ ಹೌದೇ?

ಪಾಳಿ ಎಲೆಕ್ಟ್ರಿಷಿಯನ್

ನೇರ ಸ್ಟಾರ್ಟರ್‌ನ ಮೋಟಾರ್‌ಗಳಿವೆ, ಎರಡು ವೇಗ ನಿಯಂತ್ರಕ ಡ್ರೈವ್‌ಗಳೂ ಇವೆ. ಕ್ಲ್ಯಾಂಪ್ ಮೇಲೆ ಟ್ರೂ ಆರ್‌ಎಂಎಸ್ ಎಂದು ಎಲ್ಲಿಯೂ ಬರೆದಿಲ್ಲ.

ಪ್ರಯೋಗಾಲಯದವನು

ಹಾಗಾದರೆ ಇದು ದೋಷವಲ್ಲ, ಆ ಮೀಟರ್‌ನ ಸ್ವಭಾವ. ಅದು ಸರಾಸರಿಯನ್ನು ಅಳೆದು 1.11ರಿಂದ ಗುಣಿಸಿ ತೋರಿಸುತ್ತದೆ. ಶುದ್ಧ ಸೈನ್ ತರಂಗಕ್ಕೆ ಮಾತ್ರ ಆ ಗುಣಾಕಾರ ಸರಿ. ಡ್ರೈವ್‌ನ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಕರೆಂಟನ್ನು ಚೂಪು ಚೂಪಾಗಿ ಎಳೆಯುತ್ತದೆ. ಅಲ್ಲಿ ಇಂಥ ಮೀಟರ್ ಕಡಿಮೆಯೇ ತೋರಿಸುತ್ತದೆ. ಮೂರು ಫೇಸಿನ ರೆಕ್ಟಿಫೈಯರ್‌ನಲ್ಲಿ ಶೇ 5ರಿಂದ 30, ಒಂದು ಫೇಸಿನದರಲ್ಲಿ ಶೇ 40ರವರೆಗೂ ಕಡಿಮೆಯಾಗಬಹುದು. ನಿಮ್ಮಲ್ಲಿ ಮೋಟಾರ್‌ಗಳೂ ಬೆರೆತಿರುವುದರಿಂದ ಶೇ 3ಕ್ಕೆ ನಿಂತಿದೆ. ಡ್ರೈವ್‌ಗಳು ನಿಂತಿರುವ ಹೊತ್ತಿನಲ್ಲಿ ಒಮ್ಮೆ ಅಳೆಯಿರಿ.

ಪಾಳಿ ಎಲೆಕ್ಟ್ರಿಷಿಯನ್

ಇಂದು ಊಟದ ವಿರಾಮದಲ್ಲಿ ಎರಡೂ ಡ್ರೈವ್‌ಗಳು ನಿಂತಿದ್ದವು. ಪ್ಯಾನಲ್ 46.0, ನನ್ನ ಕ್ಲ್ಯಾಂಪ್ 45.7. ಡ್ರೈವ್ ಶುರುವಾದ ಮೇಲೆ ಸಹೋದ್ಯೋಗಿಯ ಟ್ರೂ ಆರ್‌ಎಂಎಸ್ ಕ್ಲ್ಯಾಂಪನ್ನು ಅದೇ ತಂತಿಗೆ ಹಾಕಿದೆ. ಪ್ಯಾನಲ್ 84.1, ಅದು 83.9, ನನ್ನದು 81.2.

ಮೀಟರ್ ಹಿಂಬದಿಗೆ ಒಂದು ಚೀಟಿ ಅಂಟಿಸಿದ್ದೇನೆ: ಡ್ರೈವ್ ಇರುವ ಲೈನಿಗೆ ಹಾಕಬಾರದು. ಅದರ ಕೆಳಗೆ 51.9, 55.6, 56.1 ಎಂಬ ಮೂರು ಅಂಕಿಗಳು ಮತ್ತು ದಿನಾಂಕ. ಓವರ್‌ಲೋಡ್ ರಿಲೇಗಳನ್ನು ಈ ಮೀಟರ್‌ನಿಂದ ಹೊಂದಿಸಿದ್ದ ಹನ್ನೊಂದು ಮೋಟಾರ್‌ಗಳ ಪಟ್ಟಿ ಮಾಡಿಕೊಂಡಿದ್ದೇನೆ. ನಾಳೆಯ ಪಾಳಿಯಿಂದ ಒಂದೊಂದಾಗಿ ಮತ್ತೆ ಅಳೆಯುತ್ತೇನೆ.